ಒಡಲಿನ ಹಗೇವು

ಮಳೆಯನ್ನೇ ನಂಬಿದ ನಾಡಿನಲ್ಲಿ ಕಾಳನ್ನು ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದ ಕಾಳನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಹಾವೇರಿ ಜಿಲ್ಲೆಯ ಗುತ್ತಲ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಣ ಸೀಮೆಯ ರೈತರು ಹಿಂದೆ ಇದಕ್ಕಾಗಿ ಹಗೇವುಗಳನ್ನು ತೆಗೆಯುತ್ತಿದ್ದರು. ನೀರು ಜಿನುಗದ ಗಟ್ಟಿ ನೆಲದಲ್ಲಿ ಆಳವಾದ ಗುಂಡಿಯನ್ನು ಅಗೆದು, ಒಳಮೈಗೆ ಹುಲ್ಲನ್ನು ಒತ್ತಿ, ಸುಗ್ಗಿಯ ಜೋಳವನ್ನು ಅದರಲ್ಲಿ ತುಂಬಿ, ಕಿರಿದಾದ ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವಿನ ಬಾಯಿ ತೆರೆಯುತ್ತಿತ್ತು. ಆದರೆ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಇಳಿಯುತ್ತಿದ್ದರು. ಏಕೆಂದರೆ ಕೂಡಿಟ್ಟ ಕಾಳು ನಿರ್ಜೀವ ವಸ್ತುವಲ್ಲ. ಅದು ಮೆಲ್ಲಗೆ ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕವನ್ನು ಹೀರಿಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆ ಅನಿಲವು ತುಂಬಿಕೊಂಡು, ಇಳಿದವನ ಪ್ರಾಣಕ್ಕೇ ಎರವಾಗುವುದುಂಟು. ಅನ್ನವನ್ನು ಕಾಯುವ ಹಗೇವೇ ಎಚ್ಚರ ತಪ್ಪಿದರೆ ಅಪಾಯಕ್ಕೆ ಎಡೆಮಾಡುತ್ತಿತ್ತು.

ನಮ್ಮ ಒಡಲಿನಲ್ಲಿಯೂ ಇಂತಹದೊಂದು ಹಗೇವು ಇದೆ. ಅದೇ ಕೊಬ್ಬು. ನಾವು ಉಂಡ ಆಹಾರದಲ್ಲಿ ಅಂದಂದಿನ ದುಡಿಮೆಗೆ ಬೇಕಾದಷ್ಟು ಶಕ್ತಿಯನ್ನು ಬಳಸಿಕೊಂಡು, ಮಿಕ್ಕಿದ್ದನ್ನು ದೇಹವು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೊಕ್ಯಾಲರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲರಿ ದೊರೆಯುತ್ತದೆ. ಕಡಿಮೆ ಸ್ಥಳದಲ್ಲಿ ಹೆಚ್ಚು ಶಕ್ತಿಯನ್ನು ಕೂಡಿಡಲು ಇದಕ್ಕಿಂತ ಉತ್ತಮವಾದ ಉಪಾಯ ಬೇರೊಂದಿಲ್ಲ. 1876–78ರ ಭೀಕರ ಕ್ಷಾಮವು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯನ್ನು, ಅದರೊಂದಿಗೆ ಇಂದಿನ ಹಾವೇರಿ ಸೀಮೆಯನ್ನು ಕಾಡಿತು. ಇಂತಹ ಬರಗಳನ್ನು ಮನುಷ್ಯಕುಲವು ಸಾವಿರಾರು ವರ್ಷಗಳಿಂದ ಎದುರಿಸುತ್ತ ಬಂದಿದೆ. ಹೊಟ್ಟೆಗಿಲ್ಲದ ದಿನಗಳಲ್ಲಿ ಜೀವವನ್ನು ಹಿಡಿದು ನಿಲ್ಲಿಸುವುದು ಈ ಒಳಗಿನ ಸಂಗ್ರಹವೇ. ಅಷ್ಟೇ ಅಲ್ಲ, ಕೊಬ್ಬು ಮೈಯನ್ನು ಬೆಚ್ಚಗಿಡುತ್ತದೆ, ಒಳಗಿನ ಅಂಗಗಳಿಗೆ ಮೆತ್ತೆಯಾಗುತ್ತದೆ. ಆದ್ದರಿಂದ ಕೊಬ್ಬು ನಮ್ಮ ಶತ್ರುವಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಆದರೆ ಬರವೇ ಬಾರದೆ, ಸುಗ್ಗಿಯೊಂದೇ ಬರುತ್ತಿದ್ದರೆ ಹಗೇವಿನ ಗತಿಯೇನು? ವರ್ಷ ವರ್ಷವೂ ತುಂಬುತ್ತ ಹೋಗಿ, ಒಮ್ಮೆಯೂ ಬರಿದಾಗದೆ ಉಳಿಯುತ್ತದೆ. ದೇಹದಲ್ಲಿ ಹೀಗೆ ಅತಿಯಾಗಿ ಕೂಡಿಕೊಂಡ ಕೊಬ್ಬನ್ನೇ ಬೊಜ್ಜು ಎನ್ನುತ್ತೇವೆ. ಮೈತುಂಬಿಕೊಂಡ ದೇಹವನ್ನು ನಮ್ಮ ಹಿರಿಯರು ಸಿರಿಯ ಗುರುತೆಂದು ಭಾವಿಸಿದ್ದರು. ಹಸಿವನ್ನು ಕಂಡ ಜನರು ಹಾಗೆ ಭಾವಿಸಿದ್ದು ಸಹಜವೇ ಆಗಿದೆ. ಬೊಜ್ಜಿನಿಂದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯದ ಬೇನೆಗಳು ಬರಬಹುದೆಂಬುದು ಈಗ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿದೆ. ಅದು ಕೆಲವು ಬಗೆಯ ಕ್ಯಾನ್ಸರಿಗೂ ದಾರಿಮಾಡುತ್ತದೆ ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಕೊಬ್ಬಿಗೂ ಕ್ಯಾನ್ಸರಿಗೂ ಎತ್ತಣ ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಆ ಸಂಬಂಧವನ್ನು ವಿಜ್ಞಾನಿಗಳು ಹೇಗೆ ಕಂಡುಕೊಂಡರು, ಅದರ ನಿಜವಾದ ಅರ್ಥವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮನುಷ್ಯನ ದೇಹವು ಲಕ್ಷಾಂತರ ಕೋಟಿ ಜೀವಕೋಶಗಳಿಂದ ಕೂಡಿದೆ. ಹಳೆಯ ಕೋಶಗಳು ಸಾಯುತ್ತವೆ; ಉಳಿದವು ಒಡೆದು ಎರಡಾಗಿ ಆ ಸ್ಥಾನವನ್ನು ತುಂಬುತ್ತವೆ. ಯಾವಾಗ ಒಡೆಯಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆಗಳು ಪ್ರತಿಯೊಂದು ಕೋಶದ ವಂಶವಾಹಿಗಳಲ್ಲಿ ಅಡಗಿವೆ. ಒಂದು ಕೋಶವು ಒಡೆಯುವಾಗ ಈ ಆಜ್ಞೆಗಳ ನಕಲಿನಲ್ಲಿ ತಪ್ಪು ನುಸುಳುವುದುಂಟು. ದೇಹವು ಇಂತಹ ತಪ್ಪುಗಳಲ್ಲಿ ಬಹುಪಾಲನ್ನು ತಾನೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡಾಗ ಕೋಶವು ಕಟ್ಟಳೆಯನ್ನು ಮೀರಿ ಬೆಳೆಯತೊಡಗುತ್ತದೆ; ನೆರೆಯ ಅಂಗಗಳನ್ನು ಆಕ್ರಮಿಸಿ ದೂರದ ಅಂಗಗಳಿಗೂ ಹಬ್ಬುತ್ತದೆ. ಇದೇ ಕ್ಯಾನ್ಸರು. ಗಂಟಿನ ಸುತ್ತ ಹರಡಿದ ರಕ್ತನಾಳಗಳು ಏಡಿಯ ಕಾಲುಗಳಂತೆ ತೋರಿದುದರಿಂದ ಪ್ರಾಚೀನ ಗ್ರೀಕ್ ವೈದ್ಯರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟರು. ಕನ್ನಡದಲ್ಲಿಯೂ ಇದಕ್ಕೆ ಏಡಿಗಂತಿ ಎಂಬ ಹೆಸರಿದೆ.

ಈಗ ಒಂದು ಮಾತನ್ನು ಗಮನಿಸಬೇಕು. ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವಾಗುವುದಿಲ್ಲ. ಮುಂಗಾರಿನ ಹೊತ್ತಿಗೆ ಕಪ್ಪೆಗಳು ವಟಗುಟ್ಟುತ್ತವೆ, ಮಳೆಯೂ ಬರುತ್ತದೆ. ಆದರೆ ಕಪ್ಪೆ ಕೂಗಿದ್ದರಿಂದಲೇ ಮಳೆ ಬಂದಿತೆಂದು ಹೇಳಲಾಗದು. ಹಾಗೆಯೇ ದಪ್ಪನೆಯ ವ್ಯಕ್ತಿಯೊಬ್ಬರಿಗೆ ಕ್ಯಾನ್ಸರು ಬಂದರೆ ಬೊಜ್ಜೇ ಅದರ ಕಾರಣವೆಂದು ಹೇಳಲು ಬರುವುದಿಲ್ಲ. ಅಂತಹ ತೀರ್ಮಾನಕ್ಕೆ ಹಲವು ಬಗೆಯ ಸಾಕ್ಷ್ಯಗಳು ಬೇಕು.

ಆ ಸಾಕ್ಷ್ಯಗಳು ಒಂದೊಂದಾಗಿ ದೊರೆತವು. 1940ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಆಲ್ಬರ್ಟ್ ಟ್ಯಾನೆನ್‌ಬಾಮ್ ಎಂಬ ವಿಜ್ಞಾನಿಯು ಮಿತವಾಗಿ ಆಹಾರ ಪಡೆದ ಇಲಿಗಳಲ್ಲಿ ಕ್ಯಾನ್ಸರಿನ ಗಂಟುಗಳು ಕಡಿಮೆಯಾಗಿ ಹುಟ್ಟುವುದನ್ನು ತೋರಿಸಿದನು. ಆದರೆ ಇಲಿಗೆ ಒಪ್ಪುವ ಮಾತು ಮನುಷ್ಯನಿಗೂ ಒಪ್ಪಬೇಕೆಂದೇನೂ ಇಲ್ಲ. ಆದ್ದರಿಂದ ಮನುಷ್ಯರನ್ನೇ ದೀರ್ಘಕಾಲ ಗಮನಿಸಬೇಕಾಯಿತು. ಅಮೆರಿಕದ ಕ್ಯಾನ್ಸರ್ ಸಂಘವು 1982ರಲ್ಲಿ ಆರಂಭಿಸಿದ ಅಧ್ಯಯನವೊಂದರಲ್ಲಿ ಸುಮಾರು 9 ಲಕ್ಷ ವಯಸ್ಕರ ಆರೋಗ್ಯವನ್ನು 16 ವರ್ಷ ಗಮನಿಸಲಾಯಿತು. 2003ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ, ಅತ್ಯಂತ ಹೆಚ್ಚು ಬೊಜ್ಜಿದ್ದವರಲ್ಲಿ ಕ್ಯಾನ್ಸರಿನಿಂದಾದ ಸಾವಿನ ಪ್ರಮಾಣವು ಸಹಜ ತೂಕದವರಿಗಿಂತ ಗಂಡಸರಲ್ಲಿ ಶೇಕಡ 52ರಷ್ಟು, ಹೆಂಗಸರಲ್ಲಿ ಶೇಕಡ 62ರಷ್ಟು ಹೆಚ್ಚಾಗಿತ್ತು. ಸ್ವೀಡನ್ ದೇಶದಲ್ಲಿ 1987ರಲ್ಲಿ ತೊಡಗಿದ ಮತ್ತೊಂದು ಅಧ್ಯಯನವು ಇದನ್ನೇ ಇನ್ನೊಂದು ಕಡೆಯಿಂದ ಪರೀಕ್ಷಿಸಿತು. ಜಠರದ ಶಸ್ತ್ರಕ್ರಿಯೆಯ ಮೂಲಕ ತೂಕ ಇಳಿಸಿಕೊಂಡ ಹೆಂಗಸರಲ್ಲಿ ಮುಂದೆ ಕ್ಯಾನ್ಸರು ಕಡಿಮೆಯಾದುದು ಕಂಡುಬಂದಿತು. ಗಂಡಸರಲ್ಲಿ ಮಾತ್ರ ಅಂತಹ ವ್ಯತ್ಯಾಸ ಸ್ಪಷ್ಟವಾಗಿ ಕಾಣಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. ಅಲ್ಲಿ ಸೇರಿದ ತಜ್ಞರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ತೂಗಿನೋಡಿ, 2016ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಬೊಜ್ಜಿಲ್ಲದಿರುವುದು 13 ಬಗೆಯ ಕ್ಯಾನ್ಸರುಗಳ ಸಂಭವವನ್ನು ತಗ್ಗಿಸುತ್ತದೆ ಎಂಬುದೇ ಆ ತೀರ್ಮಾನ. ಅನ್ನನಾಳದ ಒಂದು ಬಗೆಯ ಕ್ಯಾನ್ಸರು, ಜಠರದ ಮೇಲ್ಭಾಗ, ದೊಡ್ಡ ಕರುಳು ಮತ್ತು ಗುದನಾಳ, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಮೂತ್ರಪಿಂಡ, ಥೈರಾಯಿಡ್ ಗ್ರಂಥಿ, ಗರ್ಭಾಶಯ, ಅಂಡಾಶಯ, ಮುಟ್ಟು ನಿಂತ ಬಳಿಕ ಬರುವ ಸ್ತನದ ಕ್ಯಾನ್ಸರು, ಮೆದುಳಿನ ಹೊದಿಕೆಯ ಗಂಟು, ಅಸ್ಥಿಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರು, ಇವು ಆ ಪಟ್ಟಿಯಲ್ಲಿವೆ.

ಹಾಗಾದರೆ ಕೊಬ್ಬು ಮಾಡುವ ಕೆಡುಕೇನು? ಬಹುಕಾಲದವರೆಗೆ ವಿಜ್ಞಾನಿಗಳೂ ಕೊಬ್ಬನ್ನು ಸುಮ್ಮನೆ ಬಿದ್ದಿರುವ ಸಂಗ್ರಹವೆಂದೇ ಬಗೆದಿದ್ದರು. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಕೊಬ್ಬಿನ ಕೋಶಗಳೇ ಇದನ್ನು ತಯಾರಿಸಿ, ರಕ್ತದ ಮೂಲಕ ಮೆದುಳಿಗೆ ಸಂದೇಶ ಕಳುಹಿಸುತ್ತವೆ. ಹಗೇವಿನ ಕಾಳು ಉಸಿರಾಡುವಂತೆ ಒಡಲಿನ ಕೊಬ್ಬೂ ಸಜೀವವಾದುದು, ಸದಾ ಕೆಲಸ ಮಾಡುತ್ತಿರುವುದು ಎಂಬುದು ಇದರಿಂದ ಖಚಿತವಾಯಿತು. ಕೊಬ್ಬು ಮಿತವಾಗಿದ್ದಾಗ ಅದರ ಸಂದೇಶಗಳೂ ಹಿತವಾಗಿರುತ್ತವೆ. ಮಿತಿಮೀರಿದಾಗ ಅವೇ ಅಹಿತವಾಗುತ್ತವೆ.

ಇದು ಮುಖ್ಯವಾಗಿ ಮೂರು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನಿನ ಹೆಚ್ಚಳ. ಮುಟ್ಟು ನಿಲ್ಲುವವರೆಗೆ ಅಂಡಾಶಯವು ಇದನ್ನು ಒದಗಿಸುತ್ತದೆ. ಅನಂತರ ಇದು ಮುಖ್ಯವಾಗಿ ಕೊಬ್ಬಿನ ಅಂಗಾಂಶದಲ್ಲಿಯೇ ತಯಾರಾಗುತ್ತದೆ. ಕೊಬ್ಬು ಹೆಚ್ಚಾದಷ್ಟೂ ಈ ಹಾರ್ಮೋನು ಹೆಚ್ಚಾಗಿ, ಸ್ತನ ಮತ್ತು ಗರ್ಭಾಶಯದ ಕೋಶಗಳನ್ನು ಒಡೆಯುವಂತೆ ಪ್ರೇರಿಸುತ್ತದೆ. ಎರಡನೆಯದು ಇನ್ಸುಲಿನ್. ಬೊಜ್ಜು ಇರುವವರಲ್ಲಿ ಸ್ನಾಯು ಮತ್ತು ಯಕೃತ್ತುಗಳು ಇನ್ಸುಲಿನ್ನಿನ ಕರೆಗೆ ಸುಲಭವಾಗಿ ಓಗೊಡುವುದಿಲ್ಲ. ಆಗ ಮೇದೋಜೀರಕ ಗ್ರಂಥಿಯು ಇನ್ನೂ ಹೆಚ್ಚು ಇನ್ಸುಲಿನ್ನನ್ನು ಸುರಿಸುತ್ತದೆ. ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವ ಈ ಹಾರ್ಮೋನು ಕೋಶಗಳಿಗೆ ಬೆಳೆಯಿರೆಂದೂ ಹೇಳುತ್ತದೆ. ಮೂರನೆಯದು ಉರಿಯೂತ. ಗಾಯವಾದಾಗ ಆ ಜಾಗ ಕೆಂಪಾಗಿ ಬಾತುಕೊಳ್ಳುವುದನ್ನು ನಾವು ಕಂಡಿದ್ದೇವೆ. ಅದು ವಾಸಿಯಾಗುವ ಕ್ರಮ. ಕೆಲವು ದಿನಗಳಲ್ಲಿ ಅಡಗುತ್ತದೆ. ಅತಿಯಾಗಿ ತುಂಬಿದ ಕೊಬ್ಬಿನಲ್ಲಿ ರಕ್ಷಕ ಕೋಶಗಳು ಬಂದು ಸೇರಿ, ಅಂತಹದೇ ಮಂದವಾದ ಉರಿಯೂತವು ವರ್ಷಗಟ್ಟಲೆ ನಡೆಯುತ್ತದೆ. ಹೀಗೆ ಕೋಶಗಳು ಮತ್ತೆ ಮತ್ತೆ ಒಡೆಯುತ್ತಿದ್ದರೆ, ಜೊತೆಗೆ ವಂಶವಾಹಿಗಳಿಗೆ ಹಾನಿಯೂ ಆಗುತ್ತಿದ್ದರೆ, ತಿದ್ದದೆ ಉಳಿಯುವ ತಪ್ಪುಗಳೂ ಹೆಚ್ಚುತ್ತವೆ.

ಇವಲ್ಲದೆ ಆಯಾ ಅಂಗಕ್ಕೆ ವಿಶಿಷ್ಟವಾದ ಕಾರಣಗಳೂ ಇವೆ. ಹೊಟ್ಟೆಯ ಬೊಜ್ಜು ಜಠರವನ್ನು ಒತ್ತುವುದರಿಂದ ಅಲ್ಲಿನ ಆಮ್ಲವು ಅನ್ನನಾಳಕ್ಕೆ ಮೇಲೇರಿ ಅದರ ಒಳಪದರವನ್ನು ಕೆಡಿಸುತ್ತದೆ. ಯಕೃತ್ತಿನಲ್ಲಿ ಕೂಡಿಕೊಂಡ ಕೊಬ್ಬು ಕ್ರಮೇಣ ಅದನ್ನು ಗಟ್ಟಿಯಾಗಿಸಿ ಕ್ಯಾನ್ಸರಿಗೆ ಎಡೆಮಾಡಬಲ್ಲದು.

ಇಷ್ಟನ್ನು ಓದಿದವರು ಹೆದರಬಹುದು. ಆದ್ದರಿಂದ ಸಂಭವ ಎಂಬ ಮಾತಿನ ಅರ್ಥವನ್ನು ಲೆಕ್ಕದಿಂದಲೇ ತಿಳಿಯೋಣ. ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವವು ಬೊಜ್ಜಿನಿಂದ ಸುಮಾರು 1.3 ಪಟ್ಟಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಹಜ ತೂಕದ 1000 ಜನರಲ್ಲಿ 10 ಜನರಿಗೆ ಈ ರೋಗ ಬರುತ್ತದೆಂದು ಇಟ್ಟುಕೊಳ್ಳೋಣ. ಬೊಜ್ಜಿರುವ 1000 ಜನರಲ್ಲಿ ಅದು 13 ಜನರಿಗೆ ಬರುತ್ತದೆ. ಉಳಿದ 987 ಜನರಿಗೆ ಬರುವುದಿಲ್ಲ. ಗರ್ಭಾಶಯದ ಒಳಪದರದ ಕ್ಯಾನ್ಸರಿನಲ್ಲಿ ಈ ಏರಿಕೆಯು ಹೆಚ್ಚು. ಅತ್ಯಧಿಕ ಬೊಜ್ಜಿನ ಹೆಂಗಸರಲ್ಲಿ ಅದು ಸುಮಾರು 7 ಪಟ್ಟು. ಬೊಜ್ಜಿರುವವರೆಲ್ಲರಿಗೂ ಕ್ಯಾನ್ಸರು ಬರುತ್ತದೆ ಎಂಬುದು ಎಷ್ಟು ಸುಳ್ಳೋ, ತೆಳ್ಳಗಿರುವವರಿಗೆ ಬರುವುದೇ ಇಲ್ಲ ಎಂಬುದೂ ಅಷ್ಟೇ ಸುಳ್ಳು. ನಮ್ಮ ದೇಶದಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ತಂಬಾಕು ದೊಡ್ಡ ಕಾರಣವಾಗಿದೆ. ತಂಬಾಕು ಜಗಿಯುವ ತೆಳ್ಳನೆಯ ಮನುಷ್ಯನು ತಾನು ಸುರಕ್ಷಿತನೆಂದು ನಂಬಿದರೆ ಮೋಸಹೋಗುತ್ತಾನೆ.

ಬೊಜ್ಜನ್ನು ಅಳೆಯುವ ಬಗೆಯೂ ಸರಳವಾದುದೇ. ಕಿಲೊಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 1.6 ಮೀಟರ್ ಎತ್ತರದ, 64 ಕಿಲೊ ತೂಕದ ವಯಸ್ಕರ ಸೂಚ್ಯಂಕ 64 ಭಾಗಿಸು 2.56, ಎಂದರೆ 25. ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕೆಟ್ಲೆ ಎಂಬಾತನು 19ನೆಯ ಶತಮಾನದಲ್ಲಿ ಈ ಲೆಕ್ಕವನ್ನು ರೂಪಿಸಿದನು. ಲೋಕದಲ್ಲಿ ಸಾಮಾನ್ಯವಾಗಿ ಸೂಚ್ಯಂಕ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಆದರೆ ಭಾರತೀಯರಲ್ಲಿ ಅದೇ ತೂಕಕ್ಕೆ ಕೊಬ್ಬಿನ ಪ್ರಮಾಣ ಹೆಚ್ಚಾಗಿದ್ದು, ಅದು ಹೊಟ್ಟೆಯ ಸುತ್ತ ಸೇರುತ್ತದೆ. ಆದ್ದರಿಂದ ನಮ್ಮ ವೈದ್ಯರು 23ರಿಂದಲೇ ಎಚ್ಚರಿಕೆ ವಹಿಸಬೇಕೆನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರನ್ನೂ ಹೆಂಗಸರಲ್ಲಿ 80 ಸೆಂಟಿಮೀಟರನ್ನೂ ಮೀರದಿರುವುದು ಒಳ್ಳೆಯದು. ಬೆಳೆಯುವ ಮಕ್ಕಳಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ. ಅವರನ್ನು ವಯಸ್ಸಿಗೆ ತಕ್ಕ ಬೇರೆ ಪಟ್ಟಿಯಿಂದ ಅಳೆಯುತ್ತಾರೆ.

ಇದು ದೂರದ ಸಿರಿವಂತ ದೇಶಗಳ ಮಾತು ಎಂದು ನಾವು ಸುಮ್ಮನಿರುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 2015–16ರಲ್ಲಿ ನೂರಕ್ಕೆ 23 ಜನರು ಅತಿತೂಕ ಅಥವಾ ಬೊಜ್ಜು ಹೊಂದಿದ್ದರು. 2019–21ರಲ್ಲಿ ಈ ಸಂಖ್ಯೆ 30ಕ್ಕೆ ಏರಿತು. ಗಂಡಸರಲ್ಲಿಯೂ ಇದೇ ಅವಧಿಯಲ್ಲಿ 22ರಿಂದ 31ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 17 ಹೆಂಗಸರು ಇರಬೇಕಾದುದಕ್ಕಿಂತ ಕಡಿಮೆ ತೂಕದವರು ಎಂಬುದೂ ತಿಳಿದುಬಂದಿದೆ. ಒಂದೇ ನಾಡಿನಲ್ಲಿ, ಕೆಲವೊಮ್ಮೆ ಒಂದೇ ಓಣಿಯಲ್ಲಿ, ಬರಿದಾದ ಹಗೇವೂ ಇದೆ, ತುಂಬಿ ತುಳುಕುವ ಹಗೇವೂ ಇದೆ.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕ್ರಮವಾಗಿ ಇಡುತ್ತ ಬಂದಿದೆ. ಆರಂಭದ ವರ್ಷಗಳಲ್ಲಿ ಅಲ್ಲಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರು ಎಲ್ಲಕ್ಕಿಂತ ಹೆಚ್ಚಾಗಿತ್ತು. ಮುಂದೆ ಅದು ಇಳಿಯಿತು. ಸ್ತನದ ಕ್ಯಾನ್ಸರು ಏರಿ ಮೊದಲ ಸ್ಥಾನಕ್ಕೆ ಬಂದಿತು. ಇದಕ್ಕೆಲ್ಲ ಬೊಜ್ಜೊಂದೇ ಕಾರಣವಲ್ಲ. ತಡವಾಗಿ ಮಕ್ಕಳಾಗುವುದು, ಕಡಿಮೆ ಮಕ್ಕಳಾಗುವುದು, ಹೆಚ್ಚು ಕಾಲ ಬದುಕುವುದು ಇವೂ ಕಾರಣಗಳೇ. ಆದರೆ ಇವುಗಳ ನಡುವೆ ನಾವು ಬದಲಿಸಬಹುದಾದ ಕಾರಣಗಳಲ್ಲಿ ತೂಕವೂ ಒಂದು.

ಈ ಬದಲಾವಣೆ ಹಳ್ಳಿಗಳಿಗೂ ಬಂದಿದೆ. ಗುತ್ತಲದ ಸುತ್ತಮುತ್ತ ಹಿಂದೆ ಎತ್ತು ಕಟ್ಟಿ ಕುಂಟೆ ಹೊಡೆಯುತ್ತಿದ್ದ ಹೊಲದಲ್ಲಿ ಈಗ ಟ್ರ್ಯಾಕ್ಟರು ನಡೆಯುತ್ತದೆ. ರಾಶಿಯನ್ನು ಯಂತ್ರ ಮಾಡುತ್ತದೆ. ರೊಟ್ಟಿಯ ಹಿಟ್ಟನ್ನು ಗಿರಣಿ ಬೀಸುತ್ತದೆ. ಸಂತೆಗೆ ನಡೆದು ಹೋಗುವವರು ವಿರಳ. ಬೆನ್ನು ಮುರಿಯುವ ದುಡಿಮೆ ತಪ್ಪಿದ್ದು ಒಳ್ಳೆಯದೇ. ಬೀಸುವ ಕಲ್ಲಿಗೆ ಮರಳಿ ಹೋಗೋಣವೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ದುಡಿಮೆ ಇಳಿದಂತೆ ಊಟವೂ ಬದಲಾಗಬೇಕಾಗಿತ್ತು. ಆದುದು ಬೇರೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಮಜ್ಜಿಗೆ ಇವುಗಳ ಜಾಗವನ್ನು ಬಿಳಿ ಅಕ್ಕಿಯ ಅನ್ನ, ಎಣ್ಣೆಯಲ್ಲಿ ಕರಿದ ತಿಂಡಿ, ಪೊಟ್ಟಣದ ಕುರುಕಲು, ಬಾಟಲಿಯ ಸಿಹಿ ಪಾನೀಯಗಳು ಆಕ್ರಮಿಸತೊಡಗಿವೆ. ಊರಿನ ಜಾತ್ರೆಯಲ್ಲಿ ಒಮ್ಮೆ ತಿಂದ ಮಂಡಕ್ಕಿ ಮಿರ್ಚಿಯಿಂದ ಕೆಡುಕಾಗದು. ನಿತ್ಯವೂ ಜಾತ್ರೆಯಾದರೆ ಕೆಡುಕಾಗುತ್ತದೆ.

ಪರಿಹಾರವೂ ಕಠಿಣವಾದುದಲ್ಲ. ಬೆಳೆಯುವ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಬೇಕು, ಓಡಬೇಕು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು ಅಥವಾ ಅಂತಹದೇ ಕೆಲಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಳು, ಸೊಪ್ಪು, ತರಕಾರಿಗಳು ಹೆಚ್ಚಾಗಿ, ಸಕ್ಕರೆ ಎಣ್ಣೆಗಳು ಮಿತವಾಗಿರಬೇಕು. ಬೆಳೆಯುವ ವಯಸ್ಸಿನಲ್ಲಿ ಊಟ ಬಿಟ್ಟು ಸೊರಗುವುದು ಮಾತ್ರ ಅವಿವೇಕ. ಮೂವತ್ತು ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳುಗಳ ಕ್ಯಾನ್ಸರ್ ತಪಾಸಣೆ ನಡೆಸುವ ಸರ್ಕಾರದ ಕಾರ್ಯಕ್ರಮವಿದೆ. ನಾಚಿಕೆಯಿಂದಲೋ ಭಯದಿಂದಲೋ ಹಿಂಜರಿಯುವ ತಾಯಂದಿರಿಗೆ ಇದನ್ನು ತಿಳಿಸಿ ಹೇಳುವ ಕೆಲಸವನ್ನು ಓದುಬರಹ ಬಲ್ಲ ಮಕ್ಕಳು ಮಾಡಬಹುದು. ಬೇಗನೆ ಪತ್ತೆಯಾದ ಅನೇಕ ಕ್ಯಾನ್ಸರುಗಳು ಚಿಕಿತ್ಸೆಗೆ ಮಣಿಯುತ್ತವೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅದನ್ನು ಲಾಭವೆಂದು ತಿಳಿಯದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನೊಂದು ಮಾತು ಉಳಿದಿದೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಅದರಲ್ಲಿ ಹಿರಿದಾದ ವಿವೇಕವಿದೆ. ಆದರೆ ಅದನ್ನು ತಿರುಗಿಸಿ, ರೋಗ ಬಂದವನಿಗೆ ಊಟ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳೂ ಹೌದು, ಕ್ರೌರ್ಯವೂ ಹೌದು. ಬೊಜ್ಜು ಬರಲು ನಾಲಗೆಯ ಚಪಲವೊಂದೇ ಕಾರಣವಲ್ಲ. ಹುಟ್ಟಿನಿಂದ ಬಂದ ಗುಣ, ಕೆಲವು ಔಷಧಗಳು, ಹಾರ್ಮೋನುಗಳ ಏರುಪೇರು, ನಿದ್ರೆಯ ಕೊರತೆ, ಆಡಲು ಬಯಲಿಲ್ಲದ ಊರು, ಅಗ್ಗವಾದ ಕೆಟ್ಟ ತಿಂಡಿ ಇವೂ ಕಾರಣಗಳೇ. ತರಗತಿಯಲ್ಲಿ ದಪ್ಪನೆಯ ಸಹಪಾಠಿಯನ್ನು ಅಡ್ಡಹೆಸರಿನಿಂದ ಕರೆದು ನಗುವವರು ಅವನಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ನಾಚಿಕೆಯಿಂದ ಅವನು ಆಟದ ಬಯಲನ್ನೇ ಬಿಡುವಂತೆ ಮಾಡುತ್ತಾರೆ. ಅವನ ಕೈಹಿಡಿದು ಆಟಕ್ಕೆ ಕರೆಯುವವನೇ ನಿಜವಾದ ಗೆಳೆಯ. ಕ್ಯಾನ್ಸರಿನಿಂದ ಬಳಲುವವರ ಮನೆಗೆ ಹೋದಾಗಲೂ ಕಾರಣವನ್ನು ಕೆದಕುವುದು ಸಲ್ಲದು. ಅವರಿಗೆ ಬೇಕಾದುದು ಧೈರ್ಯ ಮತ್ತು ನೆರವು.

ಹಗೇವನ್ನು ತೆಗೆದ ರೈತನು ಅದನ್ನು ದ್ವೇಷಿಸಲಿಲ್ಲ, ಅದಕ್ಕೆ ಹೆದರಿ ಓಡಿಹೋಗಲೂ ಇಲ್ಲ. ಅದರ ಗುಣವನ್ನು ಅರಿತು, ಬೇಕಾದಷ್ಟು ತುಂಬಿ, ಬೇಕಾದಾಗ ತೆಗೆದು, ಇಳಿಯುವ ಮುನ್ನ ಗಾಳಿಯಾಡಲು ಬಿಟ್ಟನು. ಒಡಲಿನ ಹಗೇವಿಗೂ ಇದೇ ನೀತಿ ಸಲ್ಲುತ್ತದೆ.